ಎಂಬತ್ತನೇ ದಿನದ ಸಹಿ

ಬೆಳಿಗ್ಗೆ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಸೀಸ ಹೊದಿಸಿದ ಬಾಗಿಲ ಮುಂದೆ, ನಲವತ್ತಾರರ ಹೆಂಗಸೊಬ್ಬರು ಹಳದಿ ಚೀಲದ ಬಾಯಿ ಬಿಗಿಯುತ್ತಿದ್ದಾರೆ. ಥೈರಾಯ್ಡ್ ರೋಗಿಗಳಿಗೆ ಕೊಡುವ ವಿಕಿರಣದ ಅಯೋಡಿನ್ ತಾಗಿದ ಲೋಟ, ಬಟ್ಟೆ, ಕೈಗವಸು ಅದರಲ್ಲಿವೆ. ಚೀಟಿಯಲ್ಲಿ ಇವತ್ತಿನ ತಾರೀಖು ಬರೆಯುತ್ತಾರೆ, ಪಕ್ಕದಲ್ಲಿ ಎಂಬತ್ತು ದಿನದಾಚೆಯ ತಾರೀಖು. ಅಲ್ಲಿಯವರೆಗೆ ಚೀಲ ಆಚೆ ಬರುವಂತಿಲ್ಲ.

ಹೊರಗೆ ಬಿಡುವವರ ಸಹಿಯ ಜಾಗ ಖಾಲಿ. ಹನ್ನೆರಡನೇ ತರಗತಿ ಪಾಸಾದವರು ಮಾತ್ರ ಅಲ್ಲಿ ಸಹಿ ಹಾಕಬಹುದು. ದಿನಕ್ಕೆ ಹನ್ನೊಂದು ಚೀಲ, ಹದಿನಾಲ್ಕು ವರ್ಷ. ಕಟ್ಟಿದ್ದೆಲ್ಲ ಇವರು, ಸಹಿಯೆಲ್ಲ ಬೇರೆಯವರದು. ಹೋದ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿ, ರಸಾಯನಶಾಸ್ತ್ರ ಒಂದರಲ್ಲೇ ನಾಲ್ಕು ಅಂಕಕ್ಕೆ ಎಡವಿದರು. ಈ ಸೋಮವಾರ ಮತ್ತೆ ಬರೆಯಬೇಕು.

ಆರೂವರೆಗೆ ಕಾವಲುಗಾರನ ಅವಳಿ ಹೆಣ್ಣುಮಕ್ಕಳು ಮೆಟ್ಟಿಲ ಬಳಿಯ ಬೆಂಚಿಗೆ ಬರುತ್ತಾರೆ. ಅವರದೂ ಅದೇ ಪರೀಕ್ಷೆ. ಚೀಲ ಕಟ್ಟುವ ಇವರನ್ನು ಅವರು ಕರೆಯುವುದು 'ಅರ್ಧಕ್ಕ' ಎಂದು. ಬಾಯಿ ಬಿಟ್ಟರೆ ಅರ್ಧಾಯುವಿನ, ಅಂದರೆ ವಿಕಿರಣ ಅರ್ಧಕ್ಕಿಳಿಯುವ ಅವಧಿಯ, ಮಾತೇ ತಾನೇ!

ಇವತ್ತಿನ ಮನೆಪಾಠದ ಲೆಕ್ಕ: ಅರ್ಧಾಯು ಎಂಟು ದಿನ, ನಲವತ್ತು ಗ್ರಾಂ ಅಯೋಡಿನ್ ಇಪ್ಪತ್ನಾಲ್ಕು ದಿನಕ್ಕೆ ಎಷ್ಟು ಉಳಿಯುತ್ತದೆ? ಅವಳಿಗಳು ಸೊನ್ನೆ ಬರೆದಿದ್ದಾರೆ. ಎಂಟು ದಿನಕ್ಕೆ ಅರ್ಧ, ಇನ್ನೆಂಟಕ್ಕೆ ಇನ್ನರ್ಧ, ಹದಿನಾರಕ್ಕೆ ಖಾಲಿ ಎಂದು ಅವರ ಎಣಿಕೆ. ಅರ್ಧಕ್ಕ ನಕ್ಕುಬಿಡುತ್ತಾರೆ.

"ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಅಂದ್ಕೊಂಡಿದ್ದೆ ಕಣ್ರೇ. ಹದಿನಾರನೇ ದಿನ ಚೀಲ ಎತ್ಕೊಂಡು ಹೊರಟೆ. ಬಾಗಿಲಲ್ಲೇ ವಿಕಿರಣ ಅಳೆಯೋ ಮೀಟರು ಕಿಟಿಕಿಟಿ ಅಂತ ಬೊಬ್ಬೆ ಹಾಕ್ತು. ಒಂದು ವಾರ ಕೀಲಿಕೈ ನನ್ನ ಹತ್ರ ಕೊಡಲಿಲ್ಲ. ಪ್ರತಿ ಎಂಟು ದಿನಕ್ಕೂ ಉಳಿದದ್ದರಲ್ಲಿ ಅರ್ಧ ಹೋಗೋದು. ನಲವತ್ತು, ಇಪ್ಪತ್ತು, ಹತ್ತು, ಐದು."

ಆಮೇಲೆ ಪಾತ್ರ ಬದಲು. ರೆಡಾಕ್ಸ್ ಇವರಿಗೆ ಕಬ್ಬಿಣದ ಕಡಲೆ, ಅವಳಿಗಳಿಗೆ ನೀರು ಕುಡಿದಷ್ಟು ಸಲೀಸು. ಎಲೆಕ್ಟ್ರಾನ್ ಕೊಟ್ಟದ್ದು ಯಾರು, ಪಡೆದದ್ದು ಯಾರು ಎಂಬಲ್ಲೇ ಹೋದ ವರ್ಷದ ನಾಲ್ಕು ಅಂಕ ಹೋದದ್ದು. ಈ ಸಲ ಮನೆಯಲ್ಲೇ ದಾರಿ ಕಂಡುಕೊಂಡಿದ್ದಾರೆ.

"ಕೊಡೋದು ಸತು, ಅದು ನಾನು. ಕೊಟ್ಟದ್ದೇ ಉತ್ಕರ್ಷಣ ಆಗೋದು. ಕೂತಲ್ಲೇ ಇಸ್ಕೊಳ್ಳೋದು ಬೆಳ್ಳಿ, ಅದು ನಮ್ಮನೆಯವರು. ಸತು ಎರಡು ಕೊಡುತ್ತೆ, ಬೆಳ್ಳಿ ಒಂದೇ ತಗೊಳ್ಳುತ್ತೆ. ಅದಕ್ಕೇ ಸಮೀಕರಣದಲ್ಲಿ ಎರಡು ಬೆಳ್ಳಿ ಬೇಕು. ನಮ್ಮನೇಲಿ ಒಂದೇ ಸಾಕಪ್ಪ."

ಈ ಸಲವೂ ಎಡವಿದರೆ? ಅವಳಿಗಳು ಕೇಳಿದ ಕೂಡಲೇ ಅರ್ಧಕ್ಕನ ನಗು ನಿಲ್ಲುತ್ತದೆ. "ಭಯ ಇದೆ," ಎನ್ನುತ್ತಾರೆ, "ಇಲ್ಲ ಅಂದ್ರೆ ಸುಳ್ಳಾಗುತ್ತೆ."

ಆದರೂ ಬೆಳಿಗ್ಗೆ ಕಟ್ಟಿದ ಚೀಲ ಇಟ್ಟಿರುವ ಸೀಸದ ಬಾಗಿಲ ಕಡೆ ಒಮ್ಮೆ ಬೆರಳು ತೋರುತ್ತಾರೆ. "ಫಲಿತಾಂಶ ಬರೋಕೆ ಎರಡು ತಿಂಗಳು. ಇವತ್ತಿನ ಚೀಲ ಆಚೆ ಹೋಗೋದು ಎಂಬತ್ತು ದಿನಕ್ಕೆ. ಹೊಸ ಪೆನ್ನು ತಂದಿಟ್ಟಿದ್ದೀನಿ."

"ಕೂಸು ಹುಟ್ಟೋ ಮುಂಚೆ ಕುಲಾವಿನಾ, ಅರ್ಧಕ್ಕ?" ಅವಳಿಗಳಲ್ಲೊಬ್ಬಳು ಕಾಲೆಳೆಯುತ್ತಾಳೆ.

"ಹೂಂ ಕಣೇ. ಹದಿನಾಲ್ಕು ವರ್ಷ ಹೊತ್ತಿದ್ದೀನಿ, ಕುಲಾವಿನಾದ್ರೂ ಬೇಡ್ವಾ?"