ಪಕ್ಕದ ಕಾಲಂ

ರಕ್ತನಿಧಿಯ ಪ್ರಯೋಗಾಲಯದಲ್ಲಿ ಹದಿನಾರು ವರ್ಷ ರಕ್ತದ ಗುಂಪು ನೋಡಿಕೊಂಡಿದ್ದವಳನ್ನು ಒಂದು ಸೋಮವಾರ ಸರ್ವರ್ ಕೋಣೆಗೆ ಕಳಿಸಿದರು. ಅಲ್ಲಿಯ ಕೆಲಸ ನೋಡುತ್ತಿದ್ದ ಹಿರಿಯಾಕೆ, ಎಲ್ಲರ ಬಾಯಲ್ಲಿ ದೊಡ್ಡಕ್ಕ, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಮಲಗಿದ್ದರು. ಊರಿನ ಆಸ್ಪತ್ರೆಗಳೆಲ್ಲ ರಕ್ತ ಕೇಳುತ್ತಿದ್ದುದು ವೆಬ್‌ಸೈಟಿನಲ್ಲೇ. ಅದು ನಿಂತರೆ ಯಾರ ತಲೆಗೆ ಬರುತ್ತದೆಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಮೊದಲೇ ಪುಕ್ಕಲು ಜೀವ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡುವವಳು. ದೊಡ್ಡಕ್ಕ ಬರೆದಿಟ್ಟ ಚೀಟಿಯಂತೆ ಯಂತ್ರದಲ್ಲಿ ಓಡುತ್ತಿರುವ ಕೆಲಸಗಳ, ಅಂದರೆ ಪ್ರೋಸೆಸ್‌ಗಳ, ಪಟ್ಟಿ ತೆರೆದಳು. ವೆಬ್ ಸರ್ವರಿನ ಹನ್ನೆರಡು ಪ್ರೋಸೆಸ್‌ಗಳು. ಒಂದೊಂದರ ಮುಂದೆಯೂ ಎರಡು ಜಿಬಿ ಮೆಮೊರಿ. ಬೆರಳು ಮಡಚಿ ಕೂಡಿದಳು: ಇಪ್ಪತ್ನಾಲ್ಕು. ಯಂತ್ರದಲ್ಲಿದ್ದದ್ದು ಎಂಟೇ.

ಎರಡು ದಿನ ಅದು ಈಗ ಕುಸಿದೀತು, ಆಗ ಕುಸಿದೀತು ಎಂದು ಕಾದಳು. ಬುಧವಾರ ತಡೆಯಲಾರದೆ ಪಟ್ಟಿಯ ತುದಿಯಲ್ಲಿದ್ದುದನ್ನು ನಿಲ್ಲಿಸಿಬಿಟ್ಟಳು. ಅದು ಉಳಿದವನ್ನೆಲ್ಲ ಹುಟ್ಟಿಸುವ ತಾಯಿ ಪ್ರೋಸೆಸ್. ಚೀಟಿ ನೋಡಿ ಮತ್ತೆ ಶುರು ಮಾಡುವವರೆಗೆ ಹನ್ನೊಂದು ನಿಮಿಷ ವೆಬ್‌ಸೈಟೇ ಮಲಗಿತು. ಹೆರಿಗೆ ಆಸ್ಪತ್ರೆಯೊಂದು ಕೊನೆಗೆ ಬೈಕಿನಲ್ಲಿ ಆಳು ಕಳಿಸಿ ರಕ್ತ ತರಿಸಿಕೊಂಡಿತು. ಬಾಣಂತಿ ಉಳಿದಳು.

ಶುಕ್ರವಾರ ಮಧ್ಯಾಹ್ನ ವೆಬ್‌ಸೈಟ್ ತೆವಳತೊಡಗಿತು. ಆಸ್ಪತ್ರೆಗಳಿಂದ ಮೇಲಿಂದ ಮೇಲೆ ಫೋನು. ನಾಚಿಕೆ ಬಿಟ್ಟು ದೊಡ್ಡಕ್ಕನಿಗೆ ಫೋನ್ ಮಾಡಿದಳು.

ಕಣ್ಣು ಬಿಡುವ ಹಾಗಿಲ್ಲ, ನೀನು ಓದು, ನಾನು ಕೇಳುತ್ತೇನೆ ಎಂದರು ದೊಡ್ಡಕ್ಕ. ಅವಳು ಎರಡು ಜಿಬಿ, ಎರಡು ಜಿಬಿ ಎಂದು ಓದತೊಡಗಿದಾಗ ತಡೆದರು.

“ಅದು ವರ್ಚುವಲ್ ಕಣೇ. ಆಸ್ಪತ್ರೆಯೋರು ಹತ್ತು ಚೀಲ ಬೇಕಾಗಬಹುದು ಅಂತ ಮೊದಲೇ ಬರೆಸಿಡ್ತಾರಲ್ಲ, ಹಾಗೆ. ಫ್ರಿಜ್ಜಿಂದ ನಿಜವಾಗಿ ಹೋಗೋದು ಎರಡೋ ಮೂರೋ. ಪಕ್ಕದ ಕಾಲಂ ಫಿಸಿಕಲ್. ನಿಜವಾಗಿ ಜಾಗ ಹಿಡ್ಕೊಂಡಿರೋದು ಅದು ಮಾತ್ರ. ಅದರಲ್ಲೂ ಎಲ್ಲ ಪ್ರೋಸೆಸ್ಸೂ ಹಂಚ್ಕೊಂಡಿರೋ ಜಾಗ ಒಂದೊಂದರ ಲೆಕ್ಕದಲ್ಲೂ ಬಂದಿರುತ್ತೆ. ಕೂಡೋಕೆ ಹೋಗ್ಬೇಡ.”

ಪಕ್ಕದಲ್ಲಿ ತೊಂಬತ್ತು ಎಂಬಿ, ಎಂಬತ್ತೆಂಟು, ತೊಂಬತ್ತೆರಡು. ಇಷ್ಟು ದಿನ ಬರೀ ಬರೆಸಿಟ್ಟ ಚೀಲಗಳಿಗೆ ಹೆದರಿದ್ದೆನಲ್ಲ ಎಂದು ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಒಂಬತ್ತನೆಯದಕ್ಕೆ ಬಂದಾಗ ನಾಲಿಗೆ ತೊಡರಿತು. ಅದರ ವರ್ಚುವಲ್ ಎಂಟಕ್ಕೇರಿತ್ತು. ಪಕ್ಕದಲ್ಲಿ ಆರು ಜಿಬಿ.

“ಮತ್ತೆ ಓದು.”

“ಆರೂ ಕಾಲು ಜಿಬಿ ಆಯ್ತು, ಅಕ್ಕ.”



“ಹೆದರೋದಿದ್ರೆ ಅದಕ್ಕೆ ಹೆದರು. ಅದೊಂದನ್ನೇ ನಿಲ್ಲಿಸು.”

ಬುಧವಾರದ್ದೆಲ್ಲ ಕಣ್ಣಿಗೆ ಕಟ್ಟಿತು. ಪ್ರೋಸೆಸ್ಸಿನ ಸಂಖ್ಯೆಯನ್ನು ಮೂರು ಸಲ ಓದಿ ಹೇಳಿದಳು. ಇದು ತಾಯಿಯಲ್ಲ ತಾನೇ ಎಂದು ಕೇಳಿದಳು. ಅಲ್ಲ ಎಂದು ಖಚಿತವಾದ ಮೇಲೆ ನಿಲ್ಲಿಸುವ ಗುಂಡಿ ಒತ್ತಿದಳು. ಒಂಬತ್ತನೆಯದು ಮಾಯವಾಯಿತು, ಅದರ ಜಾಗದಲ್ಲಿ ತಾಯಿ ಹುಟ್ಟಿಸಿದ ಹೊಸದು, ಅರವತ್ತು ಎಂಬಿಯದು, ಬಂದು ನಿಂತಿತು. ವೆಬ್‌ಸೈಟ್ ಮತ್ತೆ ಓಡತೊಡಗಿತು.

ಆಗ ಇನ್ನೊಂದು ದಿಗಿಲು ಹೊಕ್ಕಿತು. ತಾನು ನಿಲ್ಲಿಸಿದ್ದರ ಕೈಯಲ್ಲಿ ಆ ಹೊತ್ತಿಗೆ ಯಾರ ಕೋರಿಕೆಯಿತ್ತೋ? ಒಂದೊಂದೇ ಆಸ್ಪತ್ರೆಗೆ ಫೋನ್ ಹಚ್ಚಿ ಕೇಳಿದಳು. ಹದಿನಾಲ್ಕನೆಯವರು ಹೌದು, ಮುದುಕರೊಬ್ಬರಿಗೆ ಕೇಳಿದ್ದು ಹೋಗಲೇ ಇಲ್ಲ ಎಂದರು. ಅವಳು ಫ್ರಿಜ್ಜಿಗೆ ಓಡಿ, ಚೀಲದ ಮೇಲಿನ ಗುಂಪನ್ನು ಎರಡು ಸಲ ಓದಿ, ಎರಡು ಚೀಲ ಕಳಿಸಿಕೊಟ್ಟಳು.

ದೊಡ್ಡಕ್ಕ ಕೆಲಸಕ್ಕೆ ಮರಳಿದ ಮೇಲೂ ಅವಳು ಪ್ರಯೋಗಾಲಯಕ್ಕೆ ಹಿಂತಿರುಗದೆ ಸರ್ವರ್ ಕೋಣೆಯಲ್ಲೇ ಉಳಿದಳು. ಯಾಕೆಂದು ಕೇಳಿದವರಿಗೆ, ಅಲ್ಲೂ ಹೆದರಿಕೆ ಇದ್ದೇ ಇತ್ತು, ಇಲ್ಲಾದರೆ ಯಾವುದಕ್ಕೆ ಹೆದರಬೇಕೆಂದು ಪಕ್ಕದ ಕಾಲಂ ಹೇಳುತ್ತದೆ ಎಂದಳು.