ಗಂಗವ್ವನ ಏಳು ಚುಕ್ಕಿಯ ರಂಗೋಲಿ

ಮಗಳು ಸಹನಾ ಹೊಸ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು. ತೆರೆದರೆ ಯಾವುದೋ ದೇಶದ ಹಿಮದ ಬೆಟ್ಟ, ಕೆಳಗೊಂದು ನೀಲಿ ಕೆರೆ. "ಬ್ಯಾಕ್‌ಗ್ರೌಂಡ್‌ಗೆ ಯಾವ ಚಿತ್ರ ಹಾಕ್ಲಿ ಅಮ್ಮಾ? ನೀನೇ ಹೇಳು," ಅಂದಳು. ಅಷ್ಟೇ ಕೇಳಿದ್ದು, ಪಾಪ. ನನಗೆ ಸಿಟ್ಟು ನೆತ್ತಿಗೇರಿತು. "ಯಾವ್ದಾದ್ರೂ ಹಾಕ್ಕೋ ಹೋಗು!" ಎಂದು ಗದರಿ, ಅಡಿಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ನನ್ನ ಸಿಟ್ಟಿನ ಹಣೆಬರಹವೇ ಇಷ್ಟು. ಯಾರ ಮೇಲೆ ಬರಬೇಕೋ ಅವರ ಮುಂದೆ ಕೈಕಟ್ಟಿ ನಿಲ್ಲುತ್ತದೆ, ಮನೆಗೆ ಬಂದು ಸ್ಟೀಲ್ ಪಾತ್ರೆಗಳ ಮೇಲೆ ಹಾರಾಡುತ್ತದೆ.

ಆ ಹುಡುಗಿಗೇನು ಗೊತ್ತು? ನಿಮಗೂ ಗೊತ್ತಿಲ್ಲ, ಹೇಳುತ್ತೇನೆ ಕೇಳಿ.

ತೊಂಬತ್ತರ ದಶಕದ ಕೊನೆ. ನನಗಿನ್ನೂ ಮದುವೆಯಾಗಿರಲಿಲ್ಲ. ಸೊರಬದಿಂದ ದಿನಾ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಶಿಕಾರಿಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಾಲ್ಕು ಕಂಪ್ಯೂಟರು. ಈಗಿನವರು ನಗುತ್ತೀರಿ, ಆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು. ಸೋಮವಾರ ಮಾನಿಟರಿನ ಹಣೆಗೆ ಮೂರೆಳೆ ವಿಭೂತಿ, ಸಂಜೆ ಮಲಗಿಸುವಾಗ ಹೂವಿನ ಬಟ್ಟೆಯ ಗವಸು. ಕೆಳಗಿನ ಅಂಗಡಿಯ ಸಾಹುಕಾರರೇ ಸೆಂಟರಿಗೂ ಯಜಮಾನರು. ಅವರ ಅಣ್ಣನ ಮಗ ಉಮೇಶ, ದಾವಣಗೆರೆಯಲ್ಲಿ ಏನೋ ಕೋರ್ಸು ಮಾಡಿ ಬಂದವನು, ಗಲ್ಲಾದ ಮೇಲೆ ಕೂರುತ್ತಿದ್ದ.

ದೀಪಾವಳಿ ಕಳೆದ ಮೇಲೆ ಸೊರಬದಲ್ಲೇ ಇನ್ನೊಂದು ಸೆಂಟರ್ ತೆರೆಯುವುದಿತ್ತು. "ಅದನ್ನ ನೀವೇ ನೋಡ್ಕೊಳ್ರಿ ಮೇಡಂ, ನಿಮ್ಮೂರೇ ಐತಲ್ಲ," ಎಂದು ಸಾಹುಕಾರರು ತಾವಾಗಿಯೇ ಹೇಳಿದ್ದರು. ಅವತ್ತು ಬಸ್ಸಿನಲ್ಲಿ ಊರ ತನಕ ನಿಂತೇ ಬಂದರೂ ನನ್ನ ಕಾಲು ನೋಯಲಿಲ್ಲ. ಬೆಳಿಗ್ಗೆ ಅವ್ವ ಸುಟ್ಟ ರೊಟ್ಟಿಯನ್ನು ಬಿಸಿಬಿಸಿ ತಿಂದು ನಡೆದೇ ಕೆಲಸಕ್ಕೆ ಹೋಗುವುದು, ಅಲ್ಲಿ ನನ್ನದೇ ಒಂದು ಕುರ್ಚಿ. ಇಷ್ಟೇ ನನ್ನ ಆಸೆ.

ಲಕ್ಷ್ಮೀ ಪೂಜೆಗೆ ಎದುರಿನ ಕಂಪ್ಯೂಟರಿನ ತೆರೆಯ ಮೇಲೂ ಲಕ್ಷ್ಮಿ ಇರಬೇಕೆಂದು ಸಾಹುಕಾರರ ಹುಕುಂ ಆಯಿತು. ಉಮೇಶ ಶಿವಮೊಗ್ಗಕ್ಕೆ ಹೋಗಿ ಕ್ಯಾಲೆಂಡರಿನ ಲಕ್ಷ್ಮಿಯನ್ನು ಸ್ಕ್ಯಾನ್ ಮಾಡಿಸಿ ಫ್ಲಾಪಿಯಲ್ಲಿ ತಂದ. ಚಿತ್ರ ಚಿಕ್ಕದು, ನಡುವೆ ಇಟ್ಟರೆ ಅಂಚೆಚೀಟಿಯಷ್ಟೇ ಕಾಣುತ್ತಿತ್ತು. ಹಾಗಾಗಿ 'ಟೈಲ್' ಒತ್ತಿದ. ನೆಲಕ್ಕೆ ಕಲ್ಲು ಹಾಸಿದ ಹಾಗೆ ಒಂದೇ ಚಿತ್ರವನ್ನು ತೆರೆಯ ತುಂಬ ಹಾಸುವ ಏರ್ಪಾಡು ಅದು. ಲಕ್ಷ್ಮಿಯರೇನೋ ಸಾಲುಸಾಲಾಗಿ ಕುಳಿತರು. ಕೊನೆಯ ಸಾಲಿಗೆ ಮಾತ್ರ ಜಾಗ ಸಾಲದೆ, ಅಲ್ಲಿದ್ದವರಿಗೆಲ್ಲ ಕಿರೀಟ ಇತ್ತು, ಮುಖ ಇತ್ತು, ಕುತ್ತಿಗೆಯಿಂದ ಕೆಳಗೆ ಏನೂ ಇರಲಿಲ್ಲ.

"ಏನ್ರೀ ಇದು! ಹಬ್ಬದಾಗ ಲಕ್ಷ್ಮಿ ಕುತ್ತಿಗಿ ಕೊಯ್ದಿಟ್ಟೀರಲ್ರೀ!" ಸಾಹುಕಾರರು ಕೂಗಿದ್ದು ನನ್ನ ಮೇಲೆ. ಉಮೇಶ ಪಕ್ಕದಲ್ಲೇ ನಿಂತು ಫ್ಯಾನು ನೋಡುತ್ತಿದ್ದ. ನಾನಲ್ಲ, ಅವನು ಮಾಡಿದ್ದು ಎನ್ನಬಹುದಿತ್ತು. "ಸರಿ ಮಾಡ್ತೀನಿ ಸಾರ್," ಅಂದೆ.

ಚಿತ್ರ ಬಿಡಿಸುವ 'ಪೇಂಟ್' ತೆರೆದು, ಪಿಕ್ಸೆಲ್ ಅನ್ನುವ ತೆರೆಯ ಒಂದೊಂದು ಚುಕ್ಕಿಯೂ ಚೌಕವಾಗಿ ಕಾಣುವಷ್ಟು ಹಿಗ್ಗಿಸಿಕೊಂಡು, ಅವ್ವ ದಿನಾ ಹೊಸ್ತಿಲ ಮುಂದೆ ಹಾಕುವ ಏಳು ಚುಕ್ಕಿಯ ರಂಗೋಲಿಯನ್ನು ಬಿಡಿಸಿದೆ. ಅದರ ನಡುವಿನ ಹೂವಿನ ಒಂದು ಎಸಳು ಸ್ವಲ್ಪ ಸೊಟ್ಟ. ಬೇಕೆಂದೇ ಹಾಗೆ ಎಳೆಯುತ್ತಿದ್ದಳೋ, ಕೈ ಹಾಗೇ ಹೋಗುತ್ತಿತ್ತೋ, ನಮ್ಮ ಓಣಿಯವರಂತೂ ನೋಡಿದ ಕೂಡಲೇ "ಗಂಗವ್ವನ ರಂಗೋಲಿ" ಅನ್ನುತ್ತಿದ್ದರು. ಆಗಿನ ತೆರೆ ಅಗಲಕ್ಕೆ ಆರುನೂರ ನಲವತ್ತು ಚುಕ್ಕಿ, ಎತ್ತರಕ್ಕೆ ನಾನೂರ ಎಂಬತ್ತು. ರಂಗೋಲಿಯನ್ನು ಎಂಬತ್ತರ ಚೌಕದಲ್ಲಿ ಕೂರಿಸಿದರೆ ಅಡ್ಡ ಎಂಟು, ಕೆಳಗೆ ಆರು, ಒಂದೂ ತುಂಡಾಗುವುದಿಲ್ಲ. ಸಾರಿಸಿದ ನೆಲದ ಬಣ್ಣ ತುಂಬಿ 'ಟೈಲ್' ಒತ್ತಿದೆ ನೋಡಿ, ಒಂದರ ಬಳ್ಳಿ ಇನ್ನೊಂದರ ಬಳ್ಳಿಗೆ ಕೂಡಿಕೊಂಡು ತೆರೆ ತುಂಬಿಹೋಯಿತು. ಅಬ್ಬಾ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ! ಹೆಸರು ಮಾತ್ರ ಹಾಕಲಿಲ್ಲ. ರಂಗೋಲಿಗೆ ಯಾರು ಹೆಸರು ಹಾಕುತ್ತಾರೆ, ನೀವೇ ಹೇಳಿ.

ಮಾರನೇ ದಿನ ಪೂಜೆಗೆ ಅವ್ವನನ್ನೂ ಕರೆದುಕೊಂಡು ಹೋದೆ. ಮಹಡಿ ತುಂಬ ಬೀಗರು, ಪೇಟೆಯ ವರ್ತಕರು. ನನ್ನ ಕೈಯಲ್ಲಿ ಮಂಡಕ್ಕಿ ಉಸುಲಿಯ ತಟ್ಟೆಗಳು. ಬಂದವರೆಲ್ಲ ತೆರೆಯ ಮುಂದೆ ನಿಂತು ಬೆರಗಾದರು. "ಯಾರ್ ಮಾಡಿದ್ದು ಸಾಹುಕಾರ್ರೇ?" ಎಂದು ಯಾರೋ ಕೇಳಿದರು. "ಮತ್ಯಾರು, ನಮ್ಮ ಉಮೇಶ!" ಅಂದರು ಸಾಹುಕಾರರು. ಆ ಪುಣ್ಯಾತ್ಮ ನಾಚಿಕೊಂಡು ತಲೆ ಬಗ್ಗಿಸಿದ. ಅವನು ನಾಚಿಕೊಂಡ ರೀತಿ ನೆನೆದರೆ ಈಗಲೂ ನನ್ನ ಮೈಯೆಲ್ಲ ಉರಿಯುತ್ತದೆ.

ಅಷ್ಟರಲ್ಲಿ ಅವ್ವ ಜನರ ನಡುವೆ ನುಗ್ಗಿ ಮುಂದೆ ಬಂದಳು. "ಅಯ್ಯ, ಇದು ನಮ್ಮನೆ ಹೊಸ್ತಿಲ ರಂಗೋಲಿ ಅಲ್ಲೇನೆ? ನೋಡೆ, ನನ್ನ ಸೊಟ್ಟ ಎಸಳು!"

ಎಲ್ಲರೂ ನನ್ನ ಕಡೆ ತಿರುಗಿದರು. ಒಂದೇ ಒಂದು ಮಾತು ಸಾಕಿತ್ತು. ಸೊರಬದ ಕುರ್ಚಿ ಕಣ್ಣ ಮುಂದೆ ಬಂತು.

"ಸುಮ್ನಿರವ್ವ," ಅಂದೆ. ಮೆಲ್ಲಗಲ್ಲ, ಎಲ್ಲರಿಗೂ ಕೇಳುವ ಹಾಗೆ.

"ರಂಗೋಲಿ ಎಲ್ಲಾರ ಮನಿಯಾಗೂ ಒಂದೇ ಬಿಡವ್ವ," ಎಂದು ಸಾಹುಕಾರರು ನಕ್ಕರು. ಅವ್ವ ಸೆರಗು ಹೊದ್ದುಕೊಂಡು ಮೂಲೆಗೆ ಹೋಗಿ ಕೂತಳು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು: "ನಾನೇನು ಸುಳ್ಳು ಹೇಳಿದ್ನೇನೆ?" ನಾನು ಕಿಟಕಿಯ ಕಡೆ ಮುಖ ಮಾಡಿದೆ. ಮರುದಿನ ಹೊಸ್ತಿಲ ಮುಂದೆ ಬೇರೆ ರಂಗೋಲಿ ಇತ್ತು. ಏಳು ಚುಕ್ಕಿಯದನ್ನು ಅವಳು ಸಾಯುವ ತನಕ ಮತ್ತೆ ಹಾಕಲೇ ಇಲ್ಲ.

ಕುರ್ಚಿ ಏನಾಯಿತು ಅಂತೀರಾ? ವಾರ ಬಿಟ್ಟು ಸಾಹುಕಾರರು ಕರೆದು, "ಸೊರಬಕ್ಕೆ ಉಮೇಶನ್ನ ಕಳಿಸ್ತೀನ್ರಿ ಮೇಡಂ. ಅಂಥಾ ಕೈ ಇರೋನ್ನ ಗಲ್ಲಾದಾಗ ಕೂರಿಸಿ ಏನ್ ಮಾಡ್ಲಿ?" ಅಂದರು. ಆಗಲಿ ಸಾರ್ ಅಂದೆ. ಅದನ್ನೂ ಅಂದೆ! ಸಾಹುಕಾರರ ಮೇಲೆ ಸಿಟ್ಟಿದೆ, ಆ ಉಮೇಶನ ಮೇಲೂ ಇದೆ. ಅವೆರಡನ್ನೂ ಕೂಡಿಸಿದರೂ ನನ್ನ ಬಾಯಿಯ ಮೇಲಿನ ಸಿಟ್ಟಿಗೆ ಸಮ ಆಗುವುದಿಲ್ಲ.

ಪಾತ್ರೆ ತೊಳೆದು ಮುಗಿಸಿ ಕೈ ಒರೆಸಿಕೊಂಡು ಬಂದು, "ಸರಿ ಆ ಕಡೆ," ಎಂದು ಸಹನಾಳ ಲ್ಯಾಪ್‌ಟಾಪ್ ಮುಂದೆ ಕೂತೆ. ತೆರೆ ದೊಡ್ಡದು, ಲೆಕ್ಕ ಹೊಸದು. ನೂರಿಪ್ಪತ್ತರ ಚೌಕ, ಅಡ್ಡ ಹದಿನಾರು, ಕೆಳಗೆ ಒಂಬತ್ತು. ಏಳು ಚುಕ್ಕಿ ಇಟ್ಟೆ, ಬಳ್ಳಿ ಎಳೆದೆ, ಎಸಳನ್ನು ಸೊಟ್ಟ ಮಾಡಿದೆ. ಅದರ ಕೆಳಗೆ ಪುಟ್ಟದಾಗಿ 'ಗಂಗವ್ವ' ಎಂದು ಬರೆದು 'ಟೈಲ್' ಒತ್ತಿದೆ. ತೆರೆಯ ಈ ತುದಿಯಿಂದ ಆ ತುದಿಯ ತನಕ ಗಂಗವ್ವ, ಗಂಗವ್ವ, ಗಂಗವ್ವ.

"ಇದೇನಮ್ಮಾ, ಅಜ್ಜಿ ಹೆಸರು ಇಷ್ಟೊಂದು ಸಲ? ಒಂದು ಸಾಕಲ್ವಾ?" ಎಂದು ಸಹನಾ ನಕ್ಕಳು.

"ಸುಮ್ನಿ..." ಎನ್ನಲು ಹೋದವಳು ನಾಲಿಗೆ ಕಚ್ಚಿಕೊಂಡೆ.

"ಸಾಲಲ್ಲ," ಅಂದೆ. "ಕೂತ್ಕೋ, ಹೇಳ್ತೀನಿ."