ಹಾರ ತೆಗೆದಿಟ್ಟು ಮ್ಯಾನೇಜರು ಹೇಳಿದ್ದು

ನಮ್ಮ ಮ್ಯಾನೇಜರಿಗೆ ಎಡಗಿವಿ ಕೇಳುತ್ತಿರಲಿಲ್ಲ. ಗಣಿಗುಡ್ಡದಲ್ಲಿ ಮದ್ದು ಸಿಡಿಸುವ ಕಡೆ ಬಹಳ ವರ್ಷ ದುಡಿದು ಕಳೆದುಕೊಂಡ ಕಿವಿ ಅದು. ಯಾರಾದರೂ ಮಾತಾಡಿದರೆ ಕತ್ತು ವಾಲಿಸಿ, ಕೂದಲು ಬೆಳೆದ ಬಲಗಿವಿಯನ್ನು ನಮ್ಮ ಬಾಯಿಯ ಹತ್ತಿರಕ್ಕೇ ತಂದು ನಿಲ್ಲುತ್ತಿದ್ದರು. ನಶ್ಯದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮ್ಯಾನೇಜರು ಅಷ್ಟು ಹತ್ತಿರ ಬರುವುದು ಹೊಡೆಯುವುದಕ್ಕೆ ಮಾತ್ರ ಎಂದು ತಿಳಿದಿದ್ದ ನಾನು ಮೊದಲ ದಿನ ಗಾಬರಿಯಾಗಿ ಹಿಂದೆ ಸರಿದಿದ್ದೆ.

ಹೊಸಪೇಟೆಯಿಂದ ಗಾದಿಗನೂರಿಗೆ ಹೋಗುವ ದಾರಿಯಲ್ಲಿ, ಅದಿರು ಸಾಗಿಸುವ ಸಾಹುಕಾರರೊಬ್ಬರ ಲಾರಿ ಗ್ಯಾರೇಜು ನಮ್ಮದು. ಎಪ್ಪತ್ತರ ದಶಕದ ಕೊನೆ. ಕಾಲುವೆ ನೀರು ಹತ್ತಿದವರು ಭತ್ತ, ಕಬ್ಬು ಬೆಳೆದು ಮನೆಗೆ ತಾರಸಿ ಹಾಕಿಸುತ್ತಿದ್ದರು. ನೀರು ಹತ್ತದ ಹೊಲದವರು ನಾವು ಸ್ಪ್ಯಾನರ್ ಹಿಡಿದಿದ್ದೆವು. ಇವರಿಗಿಂತ ಮುಂಚೆ ಇದ್ದ ಮ್ಯಾನೇಜರ್ ಕೈಗೆ ಸಿಕ್ಕಿದ್ದನ್ನು ಎಸೆಯುವ ಮನುಷ್ಯ. ಅವನ ಕಾಲದಲ್ಲಿ ಗ್ಯಾರೇಜಿನಲ್ಲಿ ಯಾರ ಕೈಯಿಂದಲೂ ಏನೂ ಮುರಿಯುತ್ತಿರಲಿಲ್ಲ. ಎಲ್ಲವೂ ತಾನಾಗಿಯೇ ಮುರಿದಿರುತ್ತಿತ್ತು. ಮುರಿದದ್ದನ್ನು ಗೋಣಿಚೀಲದಡಿ ಮುಚ್ಚಿ, ಬೇರೆಯವರ ಪಾಳಿಗೆ ದಾಟಿಸುವುದರಲ್ಲಿ ನಾವೆಲ್ಲ ಪಳಗಿದ್ದೆವು.

ಇವರು ಬಂದ ಹೊಸತರಲ್ಲಿ ಹಿರಿಯ ಫಿಟರ್ ಒಬ್ಬ ಬೋಲ್ಟನ್ನು ಅತಿಯಾಗಿ ಬಿಗಿದು ಇಂಜಿನ್ನಿನ ಹೆಡ್ಡು ಸೀಳಿಬಿಟ್ಟ. ಇವರು ಬಂದು, ಬಗ್ಗಿ ನೋಡಿ, ಅವನ ಬಾಯಿಗೆ ಕಿವಿ ಕೊಟ್ಟು, “ಏನಾತಪಾ?” ಎಂದರು. ಯಾರು ಮಾಡಿದರು ಎಂದು ಕೇಳಲೇ ಇಲ್ಲ. ಅವನು ತೊದಲುತ್ತ ಎಲ್ಲ ಹೇಳಿದ. “ಕೈಗೇನರ ಹತ್ತೇತೇನು ನೋಡ್ಕೋ. ಚಾ ಕುಡದ್ ಬಾ, ಬಿಚ್ಚೂಣು” ಅಂದರು. ಅವನು ಚಹಾದಂಗಡಿಗೆ ಹೋಗಿ ಕುಡಿಯಲಾರದೆ ಅತ್ತನಂತೆ. ಬೈಸಿಕೊಂಡಿದ್ದರೆ ಸುಮ್ಮನಿರುತ್ತಿದ್ದನೇನೋ.

ಇನ್ನೊಮ್ಮೆ ರೈಲಿಗೆ ಅದಿರು ತುಂಬಿಸುವ ಅವಸರದಲ್ಲಿ ಡ್ರೈವರೊಬ್ಬ ಬಂದು, ಬ್ರೇಕ್ ಯಾಕೋ ಮೆತ್ತಗೆ ಹೋಗುತ್ತಿದೆ ಎಂದ. ಇವರು ಆ ಒಂದು ಲಾರಿಯನ್ನಷ್ಟೇ ಅಲ್ಲ, ಅದರ ಜೊತೆ ಬಂದಿದ್ದ ಎಲ್ಲ ಲಾರಿಗಳನ್ನೂ ನಿಲ್ಲಿಸಿಬಿಟ್ಟರು. ಸಾಹುಕಾರರು ಕಾರಿನಿಂದ ಇಳಿಯುವ ಮೊದಲೇ ಕೂಗಾಡತೊಡಗಿದರು. “ಯಾವನ್ಲೇ ಅವ, ಗಾಡಿ ನಿಂದ್ರಿಸಿದಾವ?”

“ನಾನ ರೀ. ಬ್ರೇಕ್ ನೋಡಿದ ಮ್ಯಾಲೆ ಗಾಡಿ ಹೊರಡ್ತಾವು. ಅಲ್ಲೀತನಕ ತಡ್ಕೊಳಾಕ ಆಗಲ್ಲಂದ್ರ ನೀವ ಓಡಿಸ್ಕೊಂಡ್ ನಡೀರಿ. ಬಾಜೂಕ ನಾನೂ ಕುಂದರ್ತೀನಿ.”

ಸಾಹುಕಾರರಿಗೆ ಹಾಗೆ ಹೇಳಿದವರನ್ನು ನಾವು ಕಂಡಿರಲಿಲ್ಲ. ಸಾಹುಕಾರರು ತಿರುಗಿ ಕಾರು ಹತ್ತಿ ಹೋದರು. ಅಂದಿನಿಂದ ನಮ್ಮ ಪಾಲಿಗೆ ಮ್ಯಾನೇಜರು ದೇವರೇ ಆದರು.

ಅವರ ನಿವೃತ್ತಿಯ ದಿನ ಬೇವಿನ ಮರದಡಿ ಕುರ್ಚಿ ಹಾಕಿ ಕೂರಿಸಿ ಸೇವಂತಿಗೆ ಹಾರ ಹಾಕಿದೆವು. ಹಿರಿಯ ಫಿಟರ್ ಎದ್ದು ನಿಂತು, “ಇಂಥಾ ಪುಣ್ಯಾತ್ಮರನ್ನ ನಾವು ಎಲ್ಲೂ ನೋಡಿಲ್ರಿ” ಎಂದ. ಚಪ್ಪಾಳೆ ಬಿತ್ತು. ಅವರು ಹಾರ ತೆಗೆದು ಕುರ್ಚಿಯ ತೋಳಿನ ಮೇಲಿಟ್ಟು ಎದ್ದರು.

“ಸಾಕು ಮಾಡ್ರಿ. ಪುಣ್ಯಾತ್ಮ ಅನಬ್ಯಾಡ್ರಿ. ನಾ ಒಬ್ಬನ್ನ ಕೊಂದಾವ ಅದೀನಿ.”

ಯಾರೋ ನಕ್ಕರು. ಅವರ ಮುಖ ನೋಡಿ ಆ ನಗು ಅಲ್ಲೇ ನಿಂತಿತು.

“ಸಂಡೂರು ಗುಡ್ಡದಾಗ ಮೇಸ್ತ್ರಿ ಇದ್ದಾಗ ನನ್ನಷ್ಟು ಬಾಯಿ ಯಾರಿಗೂ ಇರಲಿಲ್ಲ. ಒಬ್ಬ ಡ್ರೈವರ್ ಬಂದು, ಬ್ರೇಕ್ ಹಿಡೀವಲ್ದು ಅಂದ. ಕೆಲಸಗಳ್ಳ ಅಂದ್ಕೊಂಡೆ. ಹೆದರಿಕಿ ಆದ್ರ ಸೀರಿ ಉಟ್ಕೊಂಡ್ ಮನ್ಯಾಗ ಕುಂದ್ರಲೇ ಅಂದೆ. ಮಂದಿಯೆಲ್ಲ ನಕ್ಕರು. ಮರದಿನ ಅಂವ ಏನೂ ಅನ್ನಲಿಲ್ಲ. ಸುಮ್ನ ಗಾಡಿ ಹತ್ತಿದ. ತಿರುವಿನಾಗ ಲಾರಿ ಕಮರಿಗೆ ಬಿತ್ತು. ಮಣ್ಣಿಗೆ ಹೋದಾಗ ಅವನ ಹೆಂಡ್ತಿ ನನ್ನ ಹಿಡಕೊಂಡು ಹೇಳಿದ್ಲು: ‘ಮುಂಜಾನಿ ನಮ್ಮನಿಯವ್ರು ಬ್ರೇಕ್ ಪೂರಾ ಹೋಗೇತಿ ಅಂದ್ರು. ಹೋಗಿ ಹೇಳ್ರಲ್ಲ ಅಂದೆ ನಾ. ಹೇಳಿದ್ರ ಮತ್ತ ಮಂದ್ಯಾಗ ಸೀರಿ ಉಡಸ್ತಾರ ಅಂದ್ರು...’ ಗಾಡಿ ಕೆಟ್ಟು ಸತ್ತಿಲ್ಲ ಅಂವ. ನನ್ನ ಬಾಯಿಗೆ ಅಂಜಿ ಸತ್ತ.”

ಹೇಳಿ ಕುಳಿತುಬಿಟ್ಟರು. ನಾವು ಇಷ್ಟು ವರ್ಷ ಕಂಡ ಮನುಷ್ಯ ಇವರೇ ಹೌದೋ ಎಂದು ಮುಖ ನೋಡುತ್ತಲೇ ಇದ್ದೆ. ಹಿಂದೆ ನಿಂತಿದ್ದ ಮುದಿ ಡ್ರೈವರ್ ಒಬ್ಬ ಕೈಯಲ್ಲಿದ್ದ ಲಾಡು ತಿನ್ನದೆ ಅಲ್ಲಿಯೇ ಇಟ್ಟು ಹೊರನಡೆದ. ಯಾರೂ ತಡೆಯಲಿಲ್ಲ. ನನಗೂ ಬಹಳ ದಿನ ಸಿಟ್ಟಿತ್ತು. ಕೊಂದದ್ದಕ್ಕೋ, ಹೇಳಿದ್ದಕ್ಕೋ ಗೊತ್ತಾಗಲಿಲ್ಲ.

ಕೆಲವು ವರ್ಷಗಳಾದ ಮೇಲೆ ನನ್ನನ್ನೇ ಫೋರ್‌ಮನ್ ಮಾಡಿದರು. ಹುದ್ದೆ ಸಿಕ್ಕ ವಾರದಲ್ಲೇ ನನ್ನ ಗಂಟಲಿನಿಂದ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ ಆ ಮೊದಲಿನ ಮ್ಯಾನೇಜರನ ದನಿ ಹೊರಟದ್ದು ಕೇಳಿ ನಾನೇ ಬೆಚ್ಚಿಬಿದ್ದೆ. ಸಿಟ್ಟು ಎಷ್ಟು ಸುಲಭ, ಅದನ್ನು ನುಂಗಿ ಎದುರಿನವನ ಮಾತು ಪೂರ್ತಿ ಕೇಳುವುದು ದಿನದಿನವೂ ಎಂಥ ಕಷ್ಟ ಎಂಬುದು ಆಮೇಲೆ ತಿಳಿಯಿತು. ನಮ್ಮ ಮ್ಯಾನೇಜರು ಹುಟ್ಟಾ ಶಾಂತರಾಗಿದ್ದಿದ್ದರೆ ನನಗೆ ಕಲಿಯುವುದಕ್ಕೇನೂ ಇರುತ್ತಿರಲಿಲ್ಲ.

ಅವರು ತೀರಿಕೊಂಡದ್ದು ಕಂಪ್ಲಿಯಲ್ಲಿ, ಮಗಳ ಮನೆಯಲ್ಲಿ, ತಿಂಗಳುಗಟ್ಟಲೆ ಹಾಸಿಗೆ ಹಿಡಿದು. ನಾನು ಹೋಗುವ ಹೊತ್ತಿಗೆ ಬಾಳೆತೋಟದ ಅಂಚಿನಲ್ಲಿ ಗುಣಿ ತೋಡಿ ಆಗಿತ್ತು. ಜನರಿಂದ ದೂರದಲ್ಲಿ, ತಲೆ ತುಂಬ ಸೆರಗು ಹೊದ್ದ ವಯಸ್ಸಾದ ಹೆಂಗಸೊಬ್ಬಳು ಒಬ್ಬಳೇ ನಿಂತಿದ್ದಳು. ಮನೆಯವರ ಸಂಬಂಧಿಕಳಲ್ಲ ಎಂದು ತಿಳಿದು ಹತ್ತಿರ ಹೋದೆ.

“ಯಾವೂರವ್ವ?”

“ಸಂಡೂರು ಕಡ್ಯಾಕಿ. ನನ್ನ ಗಂಡ ಇವರ ಕೈಯಾಗ ಡ್ರೈವರ್ ಇದ್ದ.”

ಆಕೆಯೇ ಮುಂದುವರಿಸಿದಳು.

“ವರ್ಷಾ ಯುಗಾದಿ ಆದಮ್ಯಾಲೆ ಬರ್ತಿದ್ರು. ಅಂಗಳದಾಗ ನಿಂದರ್ತಿದ್ರು. ಒಂದಿನಾನೂ ಒಳಗ ಬರ್ರಿ ಅನ್ನಲಿಲ್ಲ ನಾ. ಈ ವರ್ಷ ಬರ್ಲಿಲ್ಲ. ಕೇಳಿದ್ರ, ಹಾಸಿಗಿ ಹಿಡದಾರ ಅಂದ್ರು. ನಾ ಬರೂದ್ರಾಗ ಹಿಂಗಾತು.”

“ಮನಸಿನಾಗಿನ ಸಿಟ್ಟು ಬಿಟ್ಟುಬಿಟ್ರೇನವ್ವ?”

“ಇಲ್ಲಪಾ” ಅಂದಳು, ನನ್ನ ಕಣ್ಣನ್ನೇ ನೋಡಿ. “ಬಿಟ್ಟಿಲ್ಲ. ಆದ್ರ ಅಂಗಳಕ್ಕ ಬರಾವ್ರು ಇನ್ನ ಯಾರೂ ಇಲ್ಲ ನನಗ.”

ಆಕೆ ಜನರನ್ನು ಸರಿಸಿಕೊಂಡು ಹೋಗಿ, ಬಗ್ಗಿ, ಒಂದು ಹಿಡಿ ಮಣ್ಣು ಹಾಕಿದಳು.